ಲಾರಿ

ಇದಕ್ಕ ಲಾರಿ ಅಂತಾರ. ಎಪಿಎಂಸಿ ಮುಂದ ನಿಲ್ಲೂದಲ್ಲ,
ಬೆಳ್ಳಿ ತಂತಿ, ನಡುವ ಮಡಚಿದ್ದು,
ಮೈಮ್ಯಾಲ ಅರ್ಧಕ್ಕ ತುಂಡಾದ ಪಾರ್ಸಿ ಅಕ್ಷರ.
ಆದಿಲಶಾಹಿ ರೊಕ್ಕ. ನೋಡಿದವರು
ಹೇರ್‌ಪಿನ್ನೇನ್ರೀ ಅಂತ ಕೇಳತಾರ.

ಮುಂಬೈಗೆ ಕಳಿಸಿದೆ. ಎರಡು ತಿಂಗಳಿಗೆ ಬಂತು
ಪ್ಲಾಸ್ಟಿಕ್ ಪೆಟ್ಟಿಗ್ಯಾಗ ಮಲಗಿ, ತಲಿ ಮ್ಯಾಲ ಐವತ್ತೆಂಟು.
ಓಣಿಗೆಲ್ಲ ಪೇಢೆ ಹಂಚಿದೆ.

ಇನ್ನೆರಡು ಅಂಕದ ಆಸೆಗೆ
ಪೆಟ್ಟಿಗಿ ಒಡದು ಪರದೇಶಕ್ಕ ಕಳಿಸಿದೆ.
ಅವರು ಅಂಕಿನಽ ಕೊಡಲಿಲ್ಲ.
ಗಾಯ ಆಗೇದ, ಅಂತ ಒಂದು ಸಾಲು.

ಅದಽ ಬೆಳ್ಳಿ. ಅದಽ ತೂಕ.
ಟಪಾಲಿನ್ಯಾಗ ಬಿದ್ದಿಲ್ಲ, ನಾನು ಉಜ್ಜಿಲ್ಲ.

ಬಂದೇನವಾಜ ಸರಾಫ ಭೂತಗನ್ನಡಿ ಹಿಡದು
ಎಳ್ಳುಕಾಳಿನಷ್ಟು ಕಚ್ಚು ತೋರಿಸಿದ:
"ಉಳಿ ಏಟ್ರಿ ಇದು. ಒಳಗ ತಾಮ್ರ ಐತೇನಂತ
ನನ್ನಂಥವನಽ ಯಾವನೋ ನೋಡ್ಯಾನ,
ನಾಕುನೂರು ವರ್ಷದ ಹಿಂದ, ಇಲ್ಲೇ ಶಹಾಪೇಟ್ಯಾಗ ಕುಂತು."

ಹಂಗಾರ ಯಾರ ಮಾತು ಖರೇ?
ಅಂವ ಕನ್ನಡಿ ಒರಸಿದ. ಚಹಾ ಹೇಳಿದ.
"ಗಾಯಂತೂ ಖರೇನಽ," ಅಂದ.

ರಾತ್ರಿ ಲಾರಿ ಅಂಗೈಯಾಗ ಇಟಗೊಂಡು ಕುಂತೆ, ಬತ್ತಲೆ.
ಹೆಸರಿಲ್ಲದ ಆ ಮೊದಲನೇ ಪರೀಕ್ಷಕ
ಅಂಕ ಬರೀಲಿಲ್ಲ, ಚೀಟಿ ಹಚ್ಚಲಿಲ್ಲ.
ಸಂಶಯ ಪಟ್ಟ, ಕಡದ, ಬೆಳಕಿಗೆ ಹಿಡದ,
ಆಮ್ಯಾಲ
ಗಲ್ಲೇದಾಗ ಹಾಕ್ಕೊಂಡ.
ಎಷ್ಟೋ ಲಾರಿ ಕರಗಿ ಯಾರಯಾರದೋ ಕಾಲುಂಗುರ ಆದುವು.
ಇದು ಹೆಂಗೋ ಉಳೀತು, ಕಚ್ಚಿನ ಸಮೇತ.

ಗಂಗವ್ವ ದೀಪ ಆರಿಸಕೋತ ಕೇಳಿದ್ದು ಒಂದಽ:
"ಪೇಢೇದ ರೊಕ್ಕ ಯಾರು ಕೊಡತಾರ?"