ಮೂರನೆಯ ಮುಳ್ಳು

ಡಿಸೆಂಬರಿನ ಬೆಳಿಗ್ಗೆ ಆರೂವರೆ, ವಿರಾಜಪೇಟೆ.
ಶೆಡ್ಡಿನ ಶಟರು ಕೈ ಕೊರೆಯುವಷ್ಟು ತಣ್ಣಗೆ.
ಕಿಟಕಿಯಲ್ಲಿಟ್ಟ ಕೊಬ್ಬರಿ ಎಣ್ಣೆ ಬಾಟಲಿ
ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು.
ಅದನ್ನೇ ಬೋರಲು ಹಿಡಿದು ತೋರಿಸಿದೆ:
ನೋಡಿ ಡಾಕ್ಟ್ರೇ, ಬೀಳುತ್ತಾ? ಒಂದು ಹನಿ?

ನಿಮ್ಮ ಎಂಜಿನ್ನಿನ ಎಣ್ಣೆ ಇಷ್ಟು ಹಟಮಾರಿಯಲ್ಲ, ನಿಜ.
ಆದರೂ ಈ ಹೊತ್ತಿಗೆ ಅದಕ್ಕೆ ನಿದ್ದೆಗಣ್ಣು.
ನೀರಿನ ಮುಳ್ಳು ಬೇಗ ಏಳುತ್ತದೆ,
ಪೇಟೆ ದಾಟುವಷ್ಟರಲ್ಲಿ ತೊಂಬತ್ತು ಮುಟ್ಟಿ
ಎಲ್ಲ ಸರಿಯಿದೆ, ತುಳಿ, ಅನ್ನುತ್ತದೆ.
ನೀರಿನ ಮಾತು ನಂಬಬೇಡಿ.
ಎಣ್ಣೆ ಮೈಬಿಡುವುದು ಪೆರುಂಬಾಡಿಯ ಹತ್ತಿರ.
ಗೇರ್‌ಬಾಕ್ಸಿನದು ಮದುವೆಮನೆಯ ಸಿಟ್ಟಿನ ಅಳಿಯನ ಹಾಗೆ,
ಎಲ್ಲರದೂ ಊಟವಾದ ಮೇಲೆ ಏಳುತ್ತದೆ,
ಎದ್ದರೆ ಮತ್ತೆ ಕೂರಿಸುವುದು ಕಷ್ಟ.

ಚೋಂದಮ್ಮ ಡಾಕ್ಟರು ನಕ್ಕರು. ಐವತ್ತನಾಲ್ಕು ವಯಸ್ಸು.
ಹಲ್ಲು ಕೀಳುವ ಕೈಗೆ ಎರಡು ಬಾಗಿಲಿನ ಕೆಂಪು ಕಾರು ಯಾಕೆ ಎಂದು
ಅಂಗಡಿಬೀದಿಯಲ್ಲಿ ಮೂರು ದಿನ ಮಾತು.
ನನಗೂ ಜೀಪು, ಪಿಕಪ್ಪು, ತೋಟದ ಟ್ರ್ಯಾಕ್ಟರು ಬಿಟ್ಟರೆ
ಇಂಥದ್ದು ಇದೇ ಮೊದಲು;
ಎರಡು ರಾತ್ರಿ ಕೂತು ಕೈಪಿಡಿ ಓದಿದ್ದೆ.
ಅದನ್ನು ಅವರಿಗೆ ಹೇಳಲಿಲ್ಲ.

ಮಾಕುಟ್ಟ ಘಾಟಿ ಇಳಿಯುವಾಗ ತೊಂದರೆಯಿಲ್ಲ.
ಕೂಟುಪುಳದ ಸೇತುವೆಯ ಬಳಿ ಚಾ ಕುಡಿದು ತಿರುಗಿದೆವು.
ಏರಿನಲ್ಲಿ ಸಿಕ್ಕಿತು ಕೆಂಪುಕಲ್ಲಿನ ಲಾರಿ,
ಬಸುರಿ ಎಮ್ಮೆಯಂತೆ, ದಾರಿಯ ತುಂಬ.
ಅದು ನಿಂತರೆ ನಾವು ನಿಲ್ಲಬೇಕು, ಹೊರಟರೆ ಹೊರಡಬೇಕು.
ಡಾಕ್ಟರು ಬ್ರೇಕು ಮುಟ್ಟದೆ
ಬರೀ ಆಕ್ಸಿಲರೇಟರಿನಲ್ಲೇ ಕಾರನ್ನು ಇಳಿಜಾರಿಗೆ ಆನಿಸಿ ಹಿಡಿದಿದ್ದರು.
ಒಳಗೆ ಕ್ಲಚ್ಚಿನ ಬಿಲ್ಲೆಗಳು ಅಂಟಲೂ ಆಗದೆ ಬಿಡಲೂ ಆಗದೆ
ಉಜ್ಜುತ್ತಿದ್ದವು.

ನೀರು ತೊಂಬತ್ತೆರಡು. ಎಣ್ಣೆ ನೂರೈದು. ಎರಡೂ ಸಾಧು.
ಮೂರನೆಯ ಮುಳ್ಳು ನೂರಹದಿನಾರು,
ನಾನು ಕಣ್ಣುಜ್ಜುವಷ್ಟರಲ್ಲಿ ಇಪ್ಪತ್ತೊಂದು.
ಹೇಳಬೇಕು ಅಂತ ಬಾಯಿ ತೆರೆದೆ.
ಅವರ ಮೂಗು ನನಗಿಂತ ಮೊದಲು ಎಚ್ಚರವಾಗಿತ್ತು:
"ಹಲ್ಲು ಸುಟ್ಟ ವಾಸನೆ, ಮೊಯ್ದು!"

ಬಿದಿರುಮೆಳೆಯ ಪಕ್ಕಕ್ಕೆ ಎಳೆದು ನ್ಯೂಟ್ರಲ್ ಮಾಡಿದರು.
ಎಂಜಿನ್ ಆರಿಸಲಿಲ್ಲ.
ಆರಿಸಬೇಡಿ ಅನ್ನುವ ನನ್ನ ಮಾತು
ನನ್ನ ಬಾಯಲ್ಲೇ ಉಳಿಯಿತು.

"ನೀರು ನಿಲ್ಲಿಸಿ ಕೊರೆದರೆ ಹಲ್ಲಿನ ಒಳಜೀವ ಬೇಯುತ್ತೆ.
ಹೊರಗೆ ಏನೂ ಕಾಣಲ್ಲ. ಬಿಲ್ಲು ಕೊಟ್ಟು ಥ್ಯಾಂಕ್ಸ್ ಹೇಳಿ ಹೋಗ್ತಾರೆ.
ಆರು ತಿಂಗಳಿಗೆ ಕಪ್ಪಗಾಗುತ್ತೆ."
ಅಷ್ಟು ಹೇಳಿ ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು,
ದವಡೆ ಮುಟ್ಟಿ ನೋಡುವ ಹಾಗೆ.

ಕೊಬ್ಬರಿ ಎಣ್ಣೆ ತೋರಿಸಿ ಪಾಠ ಹೇಳಿದ ನಾನು
ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ.
ಫ್ಯಾನು ತಿರುಗುತ್ತಿತ್ತು. ಲಾರಿಯ ಹಾರನ್ನು
ಒಂದು ತಿರುವು ಮೇಲೆ, ಆಮೇಲೆ ಮೂರು ತಿರುವು ಮೇಲೆ.
ನೂರಹದಿನೆಂಟು. ನೂರಹನ್ನೊಂದು.
ಅಲ್ಲಿ ತುಂಬ ಹೊತ್ತು ನಿಂತಿತು.
ನೂರಮೂರು.

ಹೊರಟದ್ದು ಮುಂದಿನ ರಸ್ತೆ ಪೂರ್ತಿ ಖಾಲಿಯಾದ ಮೇಲೆ,
ಎರಡನೇ ಗೇರಿನಲ್ಲಿ, ಕ್ಲಚ್ಚು ಪೂರಾ ಕಚ್ಚಿ,
ಒಂದೇ ಉಸಿರಿನಲ್ಲಿ.
ಪೆರುಂಬಾಡಿಯಿಂದ ಈಚೆಗೆ ಮಾತ್ರ
ಎತ್ತಿನಗಾಡಿಯಂತೆ ಮೆಲ್ಲಗೆ;
ಹಿಂದಿನಿಂದ ಬಸ್ಸಿನವ ಬೈದುಕೊಂಡು ದಾಟಿದ.

ಶೆಡ್ಡಿನಲ್ಲಿ ಎರಡು ನಿಮಿಷ ಸುಮ್ಮನೆ ಓಡಿಸಿ, ಆರಿಸಿದರು.
ಕಬ್ಬಿಣ ಟಿಕ್ ಟಿಕ್ ಅಂತ ತಣಿಯಿತು.
ಹನ್ನೊಂದರ ಬಿಸಿಲಿಗೆ ಬಾಟಲಿಯ ಎಣ್ಣೆ
ಕರಗಿ ತಿಳಿಯಾಗಿ, ನನ್ನ ಬೆಳಗಿನ ಪಾಠ ನನ್ನದಲ್ಲವೆಂಬಂತೆ.

ಎಷ್ಟಾಯಿತು ಮೊಯ್ದು, ಅಂದರು.
ಏನಿಲ್ಲ, ಒಂದು ಪ್ರಯಾಣ ತಾನೇ, ಅಂದೆ.
"ಚಾ ಜೊತೆ ಬನ್ನು ತಿನ್ನುವಾಗ ನೋಡಿದೆ,
ಬಲಗಡೆಯೇ ಅಗಿಯುತ್ತೀರಿ. ಎಡದ ದವಡೆ ಎಷ್ಟು ದಿನದಿಂದ?"
ಓಣಂ ಹೊತ್ತಿಂದ, ಅಂದೆ.
"ನಾಳೆ ಹತ್ತಕ್ಕೆ ಬನ್ನಿ. ನೀರು ಬಿಟ್ಟೇ ಕೊರೀತೇನೆ."