ಎಣಿಸುವವನ ವರದಿ

ಖಡಕಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ
ಶನಿವಾರ ಸಂಜೆ ಏಳಕ್ಕೆ, ಗಿರಣಿ ನಿಂತ ಮೇಲೆ,
ನಮ್ಮ ಮಾತಿನ ಕೂಟ.
ಬೆಂಚಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ;
ಮಾತಾಡಿ ಕೆಳಗಿಳಿದವರ ಹುಬ್ಬು ನರೆತಿರುತ್ತದೆ.

ಒಬ್ಬರು ಗಡಿಯಾರ ಹಿಡಿಯುತ್ತಾರೆ, ಒಬ್ಬರು ವ್ಯಾಕರಣ.
ನಾನು ಎಣಿಸುವವನು.
ಮಾತಿನ ನಡುವೆ ಯಾರು 'ಅಂ' ಅಂದರೂ
ಸ್ಟೀಲಿನ ಡಬ್ಬಿಗೆ ಒಂದು ಹುಣಸೆ ಬೀಜ.
ಟಣ್.

ಮೂರು ವರ್ಷದಲ್ಲಿ ಯಾರ ಭಾಷಣವೂ ನೆನಪಿಲ್ಲ, ಬೀಜಗಳಷ್ಟೇ:
ಇಂಡಿ ಕಡೆಯ ಹತ್ತರಕಿ ಮಾಸ್ತರರು
'ಏನಪಾ ಅಂದ್ರ' ಇಲ್ಲದೆ ಮೆಟ್ಟಿಲೂ ಹತ್ತುವುದಿಲ್ಲ.
ನದಾಫರ ಹುಡುಗ ಇಲ್ಲೇ ಹುಟ್ಟಿದವನು,
ಕನ್ನಡದಲ್ಲಿ ಎಡವಿ 'ಮ್ಹಣಜೆ'ಯಲ್ಲಿ ಬೀಳುತ್ತಾನೆ.
ಬ್ಯಾಂಕಿನ ವತ್ಸಲಾಬಾಯಿಯದು 'ಆಕ್ಚುಲೀ';
ಅದಕ್ಕೆ ಎರಡು ಬೀಜ ಹಾಕಬೇಕೆಂದು ವ್ಯಾಕರಣದವರ ವಾದ,
ಇನ್ನೂ ಇತ್ಯರ್ಥವಾಗಿಲ್ಲ.

ಆಷಾಢದಲ್ಲಿ ಕಸ್ತೂರೆವ್ವ ಬಂದಳು.
ಬಜಾರದ ಮೂಲೆಯಲ್ಲಿ ರೊಟ್ಟಿ ಗಾಡಿ.
ಲೈಸೆನ್ಸು ಗಂಡನ ಹೆಸರಿನಲ್ಲಿ.
ಸೋಲಾಪುರಕ್ಕೆ ಹೋಗಿ ಬರ್ತೀನಿ ಎಂದು ಗಂಡ ಹೊರಟದ್ದು
ಹನ್ನೊಂದು ವರ್ಷದ ಹಿಂದೆ.
ಕಂಟೋನ್ಮೆಂಟ್ ಕಚೇರಿಯಲ್ಲಿ ವಿಚಾರಣೆ ಐತ್ರಿ,
ನಿಂತು ಮಾತಾಡಬೇಕಂತ,
ನಾಕು ಮಾತು ಕಲಿಸ್ರಿ.

ಮೊದಲ ವಾರ ಮೂವತ್ತೆಂಟು ಬೀಜ.
ಮೂರನೆಯ ವಾರ ಹದಿನೈದು.
ಐದನೆಯ ವಾರ ಒಂದು.
ಆ ಒಂದು ಮಾತ್ರ ಜಪ್ಪಯ್ಯ ಅಂದರೂ ಹೋಗದು:
'ಲೈಸೆನ್ಸು ನಮ್ಮ... ಅಂ... ಅವರ ಹೆಸರಿಲೆ ಐತ್ರಿ.'
ಟಣ್.

'ಹೆಸರು ಹೇಳಬೇಕವ್ವಾ,' ಅಂದರು ಮಾಸ್ತರರು,
'ಏನಪಾ ಅಂದ್ರ, ಅವರು ಕೇಳೋದಽ ಅದು.'
'ಗಂಡನ ಹೆಸರು ಹಿಡದ್ರ ಆಯುಷ್ಯ ಕಮ್ಮಿ ಆಗ್ತೈತ್ರಿ.'
'ಬಿಟ್ಟು ಹೋದವನ ಆಯುಷ್ಯ ಕಟ್ಟಿಕೊಂಡು ನಿನಗೇನು?'
ವತ್ಸಲಾಬಾಯಿ, ಆಕ್ಚುಲೀ ಇಲ್ಲದೆ.
ಕಸ್ತೂರೆವ್ವ ಮೂಗಿನ ಮೇಲಿನ ಹಿಟ್ಟು ಸೆರಗಿನಲ್ಲಿ ಒರೆಸಿಕೊಂಡಳು.
'ಎಲ್ಲೇ ಇರ್ಲಿ.
ಕಮ್ಮಿ ಆಗೋದು ನನ್ನ ಬಾಯಿಂದ ಯಾಕ ಆಗಬೇಕ್ರಿ?'

ಕೆಂಪು ಕಾರ್ಡು ಎತ್ತಬೇಕಾದವರು
ಅದರಿಂದ ಗಾಳಿ ಬೀಸಿಕೊಳ್ಳುತ್ತ ಕೂತರು.

ಬುಧವಾರ ವಿಚಾರಣೆ. ಶನಿವಾರ ಅವಳೇ ಮೊದಲು ಎದ್ದಳು.
ನಾವು ತಿದ್ದಿದ ನಾಲ್ಕು ನಿಮಿಷ ಅಲ್ಲಿ ಯಾರಿಗೂ ಬೇಕಿರಲಿಲ್ಲವಂತೆ.
ಗುಮಾಸ್ತೆ ಬಾಯಿ ಪೆನ್ನು ಹಿಡಿದು, ತಲೆ ಎತ್ತದೆ,
ಗಂಡನ ಹೆಸರು ಕೇಳಿದಳಂತೆ, ಅಷ್ಟೆ.
ಕಾಲು ನಡುಗಿ, ಗಂಟಲು ಕಟ್ಟಿ,
ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡಗಟ್ಟಿದ ಹೆಂಗಸರೆದುರು ಹಾಕಿದ ಹಾಗೆ
ಒಡಪು ಹಾಕಿಬಿಟ್ಟಳಂತೆ:

'ಖಡಕಿ ಬಜಾರದಾಗ ಖಡಕ್ ರೊಟ್ಟಿ ಸಾಲ,
ಒಲಿ ಮುಂದ ನಾನಽ ಕುಂತು ಹನ್ನೊಂದು ಮಳಿಗಾಲ,
ಕಾಗದದಾಗಷ್ಟಽ ಇರೋ ಗಾಡಿಯ ಮಾಲಕ
ಮಲಕಪ್ಪ ಅಂತ ಬರಕೋರಿ, ನೋಡ್ರಿ ಸ್ವಲ್ಪ ಮ್ಯಾಲಕ.'

ಗುಮಾಸ್ತೆಗೆ ಕನ್ನಡ ಬಾರದು.
ಆದರೆ ಉಖಾಣೆ ಕಿವಿಗೆ ಬಿದ್ದರೆ ಯಾವ ಭಾಷೆಯಾದರೇನು,
ತಲೆ ಎತ್ತಿದಳು, ಅಭ್ಯಾಸಕ್ಕೆ ಚಪ್ಪಾಳೆ ತಟ್ಟಿದಳು.
ಆಮೇಲೆ ಪೆನ್ನು ಹುಡುಕಿ,
ಹದಿನಾಲ್ಕನೇ ತಾರೀಕಿಗೆ ಬಾ ಅಂದಳು.

'ಅಂದಽ ಬಿಟ್ಟೆ ನೋಡ್ರಿ,' ಅಂದಳು ಕಸ್ತೂರೆವ್ವ.
'ಅಂ... ಎಲ್ಲೋ ಒಂದು ಕಡೆ
ಆ ಮನಶ್ಯಾಗ... ಅಂ... ಬಿಕ್ಕು ಹತ್ತಿರಬೇಕು.'

ನಗಬೇಕೋ ಬೇಡವೋ ತಿಳಿಯದೆ ಕೂತೆವು.
ನದಾಫರ ಹುಡುಗ ನಕ್ಕುಬಿಟ್ಟ; ಅವಳೂ.

'ಎಣಿಸುವವರ ವರದಿ,' ಅಂದರು ಅಧ್ಯಕ್ಷರು.
ಎದ್ದೆ. ಡಬ್ಬಿ ಅಲ್ಲಾಡಿಸಿದೆ. ಖಾಲಿ.
ಎರಡು ಬೀಜ ನನ್ನ ಮುಷ್ಟಿಯಲ್ಲೇ ಬೆವೆತಿದ್ದವು.
'ಇವತ್ತು...' ಅಂದೆ, 'ಅಂ...'

ಹಿಂದಿನ ಬೆಂಚಿನಿಂದ ಯಾರೋ
ನಾಲಗೆಯಲ್ಲೇ ಬಾರಿಸಿದರು:
ಟಣ್.