ಕರಡಿದೊಡ್ಡಿಗೆ ದಾರಿ

ಅಸ್ಗರ್, ಬಿ ಶಿಫ್ಟಿನ ಊಟದ ಹೊತ್ತಿಗೆ ನೀನು ಕೇಳಿದ ದಾರಿ
ಇಗೋ, ಪ್ರೊಡಕ್ಷನ್ ಚೀಟಿಯ ಬೆನ್ನ ಮೇಲೆ ಬರೆದಿದ್ದೇನೆ.
ನಿನ್ನ ಫೋನಿನ ನೀಲಿಗೆರೆ ಅಯ್ಯೂರಿನ ತನಕ ನಿಜ ಹೇಳುತ್ತದೆ,
ಆಚೆಗೆ ಒಂದಿಷ್ಟು ಹಸಿರು ಬಳಿದು ಸುಮ್ಮನಾಗುತ್ತದೆ.

ಡೆಂಕಣಿಕೋಟೆಯಲ್ಲಿ ಬಸ್ಸಿನ ಮೇಲಿಂದ ಸೈಕಲ್ ಇಳಿಸು.
ಕಂಡಕ್ಟರ್ ಲಗೇಜಿನ ಕಾಸು ತಮಿಳಿನಲ್ಲಿ ಕೇಳಿದರೆ
ತೆಲುಗಿನಲ್ಲಿ ಚೌಕಾಸಿ ಮಾಡು,
ಬಗೆಹರಿಯದಿದ್ದರೆ ಕನ್ನಡದಲ್ಲಿ ಗೊಣಗು.
ಮೂರೂ ಅವನಿಗೆ ಮನೆಮಾತೇ.

ಮೊದಲೆಲ್ಲ ಡಾಂಬರು. ಬರೆಯುವಂಥದ್ದೇನಿಲ್ಲ.
ರಾಗಿ ಹೊಲದ ನಡುವೆ ಮರದ ಮೇಲೆ ಅಟ್ಟಣೆ ಕಂಡರೆ
ರಾತ್ರಿ ಆನೆ ಬರುತ್ತದೆಂದು ಅರ್ಥ.
ಅದರ ಕೆಳಗೆ ಹಗಲಲ್ಲಿ ಮಲಗಿದವನನ್ನು
ಬೆಲ್ಲು ಹೊಡೆದು ಎಬ್ಬಿಸಬೇಡ.

ಎರಡು ಹುಣಸೆಮರ ಜೊತೆಗೆ ನಿಂತಲ್ಲಿ ಎಡಕ್ಕೆ.
ಬಲಕ್ಕೆ ಹೋದರೆ ಗಾರ್ಡು, ರಸೀದಿ ಪುಸ್ತಕ.
ಒಳಕಾಡು ಅದು; ನಮ್ಮದಲ್ಲ, ನಿನ್ನದಂತೂ ಅಲ್ಲವೇ ಅಲ್ಲ.
ಎಡಕ್ಕೆ ಹೊರಳಿದ್ದೇ ಚಕ್ರದ ದನಿ ಬದಲಾಗುತ್ತದೆ,
ಬಾಣಲೆಯಲ್ಲಿ ಹುರುಳಿ ಹುರಿದ ಹಾಗೆ.
ನೀನು ಹುಡುಕುತ್ತಿದ್ದದ್ದು ಅದೇ. ಜಲ್ಲಿ.

ಏರು ಶುರು. ಸಣ್ಣ ಗೇರಿಗೆ ಬಾ, ನಾಚಿಕೆ ಬೇಡ.
ಇಲ್ಲಿ ದನಗಳೂ ಅಡ್ಡಡ್ಡ ಹತ್ತುತ್ತವೆ.
ನೆಟ್ಟಗೆ ಹತ್ತಿದ್ದನ್ನು ನಾನು ಕಂಡದ್ದು
ಓಟು ಕೇಳಲು ಬಂದ ಜೀಪನ್ನು ಮಾತ್ರ,
ಅದೂ ಇಳಿಯುವಾಗ ಬ್ರೇಕು ಸುಟ್ಟುಕೊಂಡಿತು.

ಮೂರನೇ ತಿರುವಿನಲ್ಲಿ ಕಲ್ಲು ದಪ್ಪ, ಮುಷ್ಟಿಗಾತ್ರ.
ಹಿಂದಿನ ಚಕ್ರ ಜಾರುತ್ತದೆ.
ಹ್ಯಾಂಡಲನ್ನು ಕೋಳಿಮರಿ ಹಿಡಿದ ಹಾಗೆ ಹಿಡಿ:
ಬಿಗಿದರೆ ಸಾಯುತ್ತದೆ, ಬಿಟ್ಟರೆ ಓಡುತ್ತದೆ.
ಆ ತಿರುವಿನ ಕಲ್ಲು ದಪ್ಪವಿರುವುದಕ್ಕೆ ಕಾರಣವಿದೆ,
ಅದನ್ನು ಒಡೆದ ವಾರ ನನ್ನ ದೊಡ್ಡಮ್ಮ ಚೂಡಮ್ಮನಿಗೆ ಜ್ವರ.

ಹೌದು, ಒಡೆದದ್ದು. ಕೈಯಲ್ಲೇ.
ಮೇಸ್ತ್ರಿ ಒಂದು ಕಬ್ಬಿಣದ ಬಳೆ ಕೊಟ್ಟಿದ್ದ,
ಅದರೊಳಗೆ ತೂರಿದ್ದು ಜಲ್ಲಿ, ತೂರದೆ ಉಳಿದದ್ದು ಬಂಡೆ.
ಬಂಡೆಗೆ ಕೂಲಿ ಇಲ್ಲ.
ನಾಲ್ಕು ಹೆಂಗಸರು, ಒಂದು ಬೇಸಿಗೆ, ಆರು ಕಿಲೋಮೀಟರು.
ಡಾಂಬರು ಹಿಂದೆಯೇ ಬರುತ್ತದೆ ಅಂದಿದ್ದರು.
ನನಗಾಗ ಐದು ವರ್ಷ. ಈಗ ಮೂವತ್ತೊಂದು.

ಏಳನೇ ಕ್ಲಾಸಿನಿಂದ ಅರ್ಜಿ ಬರೆದದ್ದು ನಾನೇ.
ತಮಿಳಿನಲ್ಲಿದ್ದರೆ ಬೇಗ ಓದುತ್ತಾರೆಂದು ತಮಿಳು ತಿದ್ದಿದೆ.
ದಾರಿಯಲ್ಲೇ ಆದ ಹೆರಿಗೆ,
ಹಾವು ಕಚ್ಚಿ ಡೋಲಿಯಲ್ಲಿ ಹೋದ ಈರಮಾದ,
ಸಂತೆ ಮುಟ್ಟುವಷ್ಟರಲ್ಲಿ ಗೊಜ್ಜಾದ ಟೊಮೇಟೊ.
ಕೆಳಗೆ ಊರಿನವರ ಹೆಬ್ಬೆಟ್ಟುಗಳು,
ಗುಡ್ಡದ ನಕ್ಷೆಯ ಗೆರೆಗಳಂತೆ ಸುತ್ತಿ ಸುತ್ತಿ.
ಈಗ ನೀನು ಹೊರಟಿದ್ದೀಯ, ಹನ್ನೊಂದು ಕಂತಿನ ಸೈಕಲ್ಲು ಹೊತ್ತು,
ಡಾಂಬರಿಲ್ಲ ಎಂಬ ಒಂದೇ ಕಾರಣಕ್ಕೆ.
ಸಿಟ್ಟಿಲ್ಲ. ನಗು ಬರುತ್ತದೆ, ಅಷ್ಟೆ.

ದಿಣ್ಣೆಯ ಮೇಲೆ ಒಂದು ಗಳಿಗೆ ನಿಲ್ಲು.
ಎದುರಿಗೆ ಬೆಟ್ಟಮುಗಿಲಾಳ. ಹೆಸರನ್ನು ಬಿಡಿಸಿ ಓದು:
ಬೆಟ್ಟ, ಮುಗಿಲು, ಆಳ.
ಮೂರೂ ಅದೇ ಕ್ರಮದಲ್ಲಿ ಕಾಣುತ್ತವೆ,
ಮೂರನೆಯದು ಮುಂಚಕ್ರಕ್ಕೆ ಒಂದೇ ಮಾರು ದೂರ.

ಚೂಡಮ್ಮ ಮನೆಯಲ್ಲಿರುವುದಿಲ್ಲ. ನೂರು ದಿನದ ಕೆಲಸ,
ಕೆರೆ ಏರಿಯ ಮೇಲೆ ಹುಡುಕು, ನೀರು ಕೇಳು.
ಬಿದ್ದಿದ್ದರೆ ಮುಚ್ಚಿಡಬೇಡ, ಮೊಣಕಾಲು ತೋರಿಸು.
ಗಾಯದಿಂದ ಹರಳು ತೆಗೆದು, ಬೆಳಕಿಗೆ ಹಿಡಿದು,
ಯಾವ ತಿರುವಿನದೆಂದು ಹೇಳುತ್ತಾಳೆ.
ನಾನು ಪರೀಕ್ಷೆ ಮಾಡಿದ್ದೇನೆ.
ಎರಡು ಸಲ ಸರಿ, ಒಂದು ಸಲ ತಪ್ಪು.

ಇನ್ನೊಂದು ಮಾತು. ಹೋದ ಭಾನುವಾರ
ಹುಣಸೆಮರದ ಬುಡದಲ್ಲಿ ಡ್ರಮ್ಮು ಎಣಿಸಿದೆ, ನಲವತ್ತೆರಡು.
ಪಕ್ಕದಲ್ಲಿ ರೋಲರು, ಟಾರ್ಪಾಲು ಹೊದ್ದು ಮಲಗಿದೆ.
ಚೂಡಮ್ಮನಿಗೆ ಹೇಳಿದೆ.
‘ನನ್ನ ಕಲ್ಲೆಲ್ಲ ಅಡಿಗೆ ಹೋಗ್ತದಲ್ಲೋ’ ಅಂದಳು.
ಆಮೇಲೆ, ‘ಹೋಗ್ಲಿ, ಬಸ್ಸು ಬರ್ಲಿ’ ಅಂದಳು.
ಆಮೇಲೆ ಹಾರೆ ಎತ್ತಿಕೊಂಡಳು.

ಬೇಗ ಹೋಗು ಎನ್ನಲಾರೆ, ನಿಧಾನ ಹೋಗು ಎಂದೂ.
ಜಲ್ಲಿ ಶುರುವಾಗುವ ಮುನ್ನ ಟೈರಿನ ಗಾಳಿ ಕೊಂಚ ಇಳಿಸಿಕೋ.
ಮೆತ್ತಗಿನ ಚಕ್ರಕ್ಕೆ
ಒಂದೊಂದು ಕಲ್ಲೂ ಗೊತ್ತಾಗುತ್ತದೆ.